ಔಷಧಪರೀಕ್ಷೆಯೂ ಪ್ರತಿನಿಧಿನ್ಯಾಯವೂ

ಆಶ್ವಯುಜ ಬಹುಳ ತ್ರಯೋದಶಿಯಂದು ನಮ್ಮ ಮನೆಗಳಲ್ಲಿ ಶ್ರೀಧನ್ವಂತರಿಯ ಸ್ಮರಣೆ ನಡೆಯುತ್ತದೆ. ಅಮೃತಕಲಶವನ್ನು ಧರಿಸಿ ಕ್ಷೀರಸಮುದ್ರದಿಂದ ಮೇಲೆದ್ದು ಬಂದ ಆ ಭಗವದ್ರೂಪವನ್ನು ನೆನೆದು ಆರೋಗ್ಯವನ್ನು ಬೇಡುವ ನಾವು, ಮರುದಿನ ಬೆಳಿಗ್ಗೆ ಎದ್ದು ರಕ್ತದೊತ್ತಡದ ಗುಳಿಗೆಯನ್ನೋ ಮಧುಮೇಹದ ಗುಳಿಗೆಯನ್ನೋ ನೀರಿನೊಡನೆ ನುಂಗುತ್ತೇವೆ. ಇದರಲ್ಲಿ ವಿರೋಧವೇನೂ ಇಲ್ಲ. ಧರ್ಮಸಾಧನೆಗೆ ದೇಹ ಬೇಕು. ದೇಹರಕ್ಷಣೆಗೆ ಔಷಧ ಬೇಕು. ಆದರೆ ಆ ಗುಳಿಗೆಯು ನಮ್ಮ ಕೈಗೆ ಬರುವ ಮೊದಲು ಎಷ್ಟು ದೇಹಗಳನ್ನು ಹೊಕ್ಕು ಬಂದಿತು, ಅವು ಯಾರ ದೇಹಗಳು ಎಂಬ ಪ್ರಶ್ನೆಯನ್ನು ನಾವು ಸಾಧಾರಣವಾಗಿ ಕೇಳಿಕೊಳ್ಳುವುದಿಲ್ಲ. ನೈವೇದ್ಯದ ಅಕ್ಕಿಯನ್ನು ಆರಿಸಿ, ನೀರನ್ನು ಶೋಧಿಸಿ, ಇರುವೆಯೂ ಸಾಯದಂತೆ ಒಲೆಯನ್ನು ಸಾರಿಸುವ ಮನೆಗಳಲ್ಲಿಯೂ ಔಷಧದ ಪೆಟ್ಟಿಗೆಯ ವಿಷಯದಲ್ಲಿ ಈ ವಿಚಾರ ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಹೊಸದಾಗಿ ಎತ್ತಲು ಒಂದು ಕಾರಣ ಒದಗಿದೆ. ಮನುಷ್ಯನ ಯಕೃತ್ತು, ಶ್ವಾಸಕೋಶ, ಮೂತ್ರಪಿಂಡ ಮೊದಲಾದ ಅಂಗಗಳ ಜೀವಕೋಶಗಳನ್ನು ಬೆರಳುದ್ದದ ಒಂದು ಪಾರದರ್ಶಕ ಫಲಕದಲ್ಲಿ ಬೆಳೆಸಿ, ಅದರೊಳಗೆ ಔಷಧವನ್ನು ಹರಿಸಿ ಪರೀಕ್ಷಿಸುವ ಸಾಧನಗಳು ಬಂದಿವೆ. ಇವುಗಳಿಗೆ ‘ಆರ್ಗನ್ ಚಿಪ್’ ಅಥವಾ ‘ಟಿಶ್ಯೂ ಚಿಪ್’ ಎಂದು ಹೆಸರು. ಇಲಿ, ಮೊಲ, ನಾಯಿ, ಕೋತಿಗಳ ದೇಹದಲ್ಲಿ ಇದುವರೆಗೆ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಇವು ಮಾಡಬಲ್ಲವು. ಅಂದರೆ ಒಂದು ಪ್ರತಿನಿಧಿಯ ಸ್ಥಾನದಲ್ಲಿ ಇನ್ನೊಂದು ಪ್ರತಿನಿಧಿಯನ್ನು ಇಡುವ ಕಾಲ ಬಂದಿದೆ. ಆದುದರಿಂದ ‘ನಮ್ಮ ಬದಲಿಗೆ ಅಪಾಯವನ್ನು ಹೊರುವವರು ಯಾರಾಗಬಹುದು?’ ಎಂಬ ಧರ್ಮವಿಚಾರಕ್ಕೆ ಇದು ತಕ್ಕ ಸಮಯ.

ಮೊದಲು ಒಂದು ಪೂರ್ವಪಕ್ಷವನ್ನು ನೋಡೋಣ. ‘ಪರೀಕ್ಷೆಯೇ ಬೇಡ. ಪರೀಕ್ಷೆಯಿಲ್ಲದಿದ್ದರೆ ಹಿಂಸೆಯೂ ಇಲ್ಲ’ ಎಂದು ಕೆಲವರು ಹೇಳುತ್ತಾರೆ. ಇದು ಕೇಳಲು ಸಾತ್ತ್ವಿಕವಾಗಿ ತೋರಿದರೂ ನಿಲ್ಲುವ ಮಾತಲ್ಲ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧವೊಂದನ್ನು ದ್ರವರೂಪಕ್ಕೆ ತರಲು ಡೈಇಥಿಲೀನ್ ಗ್ಲೈಕಾಲ್ ಎಂಬ ಸಿಹಿರುಚಿಯ ದ್ರಾವಕದಲ್ಲಿ ಕರಗಿಸಿ ಮಾರಿದರು. ರುಚಿಯನ್ನೂ ಬಣ್ಣವನ್ನೂ ಪರೀಕ್ಷಿಸಿದ್ದರು; ವಿಷವೇ ಎಂಬುದನ್ನು ಪರೀಕ್ಷಿಸಿರಲಿಲ್ಲ. ಅದನ್ನು ಕುಡಿದ ನೂರಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಮರುವರ್ಷ, ಅಂದರೆ 1938ರಲ್ಲಿ, ಔಷಧವು ನಿರಪಾಯವೆಂದು ತೋರಿಸಿದ ಹೊರತು ಮಾರಕೂಡದೆಂಬ ಕಾಯಿದೆ ಅಲ್ಲಿ ಬಂದಿತು. ಪ್ರಾಣಿಗಳ ಮೇಲಿನ ಪರೀಕ್ಷೆ ಔಷಧಪ್ರಪಂಚದಲ್ಲಿ ನಿಯಮವಾಗಿ ನೆಲೆಗೊಂಡದ್ದು ಆ ಮಕ್ಕಳ ಮರಣದಿಂದ ಎಂಬುದನ್ನು ನಾವು ಮರೆಯಬಾರದು. ಅದೇ ದ್ರಾವಕವು ಕೆಮ್ಮಿನ ಔಷಧದಲ್ಲಿ ಸೇರಿ 2025ರಲ್ಲಿ ನಮ್ಮ ಮಧ್ಯಪ್ರದೇಶದಲ್ಲಿಯೂ ಹಲವು ಮಕ್ಕಳ ಪ್ರಾಣವನ್ನು ತೆಗೆದುಕೊಂಡಿತು. ಪರೀಕ್ಷಿಸದೆ ಕೊಡುವ ಔಷಧವೆಂದರೆ, ಕುಡಿಯುವ ಮಗುವನ್ನೇ ಪರೀಕ್ಷೆಯ ಪ್ರಾಣಿಯನ್ನಾಗಿ ಮಾಡಿದಂತೆ. ಪರೀಕ್ಷೆಯನ್ನು ಬಿಡುವುದು ಅಹಿಂಸೆಯಲ್ಲ. ಹಿಂಸೆಯನ್ನು ಕಣ್ಣಿಗೆ ಕಾಣದ ಕಡೆಗೆ ಸರಿಸುವುದು ಮಾತ್ರ.

ಇಲ್ಲಿ ಔಷಧವು ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ನಾವು ನುಂಗಿದ ಔಷಧವು ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಸೈಟೋಕ್ರೋಮ್ ಪಿ-450 ಎಂಬ ಕಿಣ್ವಗಳ ಸಮುದಾಯವಿದೆ. ಅವು ಔಷಧದ ರೂಪವನ್ನೇ ಬದಲಿಸುತ್ತವೆ. ಅನಂತರ ಬೇರೆ ಕಿಣ್ವಗಳು ಅದಕ್ಕೆ ಇನ್ನೊಂದು ಪದಾರ್ಥವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ಅಥವಾ ಪಿತ್ತದ ದ್ವಾರದಿಂದ ಹೊರಗೆ ಕಳುಹಿಸುತ್ತವೆ. ಇದಕ್ಕೆ ಔಷಧದ ಚಯಾಪಚಯವೆನ್ನುತ್ತಾರೆ. ಆದುದರಿಂದ ನಮ್ಮ ದೇಹದಲ್ಲಿ ಕೆಲಸ ಮಾಡುವುದು ನಾವು ನುಂಗಿದ ಪದಾರ್ಥವೊಂದೇ ಅಲ್ಲ; ಅದರಿಂದ ಯಕೃತ್ತು ಮಾಡಿದ ಹೊಸ ಪದಾರ್ಥಗಳೂ ಸಹ. ಕೆಲವೊಮ್ಮೆ ಔಷಧವು ಹಾಗೆ ಬದಲಾದ ಮೇಲೆಯೇ ಗುಣ ಕೊಡುತ್ತದೆ: ಕೊಡೀನ್ ಎಂಬ ನೋವಿನ ಔಷಧವು ಯಕೃತ್ತಿನಲ್ಲಿ ಮಾರ್ಫೀನ್ ಆಗಿ ಕೆಲಸ ಮಾಡುತ್ತದೆ. ಕೆಲವೊಮ್ಮೆ ಬದಲಾದ ಮೇಲೆ ವಿಷವಾಗುತ್ತದೆ: ಮೇಲೆ ಹೇಳಿದ ದ್ರಾವಕವು ದೇಹದಲ್ಲಿ ಡೈಗ್ಲೈಕಾಲಿಕ್ ಆಮ್ಲವಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನಮ್ಮ ಎಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯ ಒಂದು ಅಲ್ಪಭಾಗವೂ ಯಕೃತ್ತಿನಲ್ಲಿ ವಿಷವಾಗಿಯೇ ಬದಲಾಗುತ್ತದೆ. ಗ್ಲುಟಾಥಯೋನ್ ಎಂಬ ಪದಾರ್ಥವು ಆ ವಿಷವನ್ನು ಕೂಡಲೇ ಅಡಗಿಸುವುದರಿಂದ ಮಿತವಾಗಿ ಸೇವಿಸುವವರಿಗೆ ಕೇಡಿಲ್ಲ. ಮಿತಿಮೀರಿದರೆ ಆ ರಕ್ಷಕಪದಾರ್ಥ ಮುಗಿದು ಯಕೃತ್ತೇ ನಾಶವಾಗುತ್ತದೆ.

ಹೀಗಿರುವಲ್ಲಿ ಮುಖ್ಯವಾದ ಸಂದೇಹ ಇದು: ಇಲಿಯ ಯಕೃತ್ತು ಮಾಡುವ ಕೆಲಸವನ್ನೇ ಮನುಷ್ಯನ ಯಕೃತ್ತೂ ಮಾಡುತ್ತದೆಯೇ? ಅನೇಕ ಸಂದರ್ಭಗಳಲ್ಲಿ ಹೌದು; ಎಲ್ಲ ಸಂದರ್ಭಗಳಲ್ಲಿ ಅಲ್ಲ. ನಮಗೆ ಜ್ವರ ಇಳಿಸುವ ಒಂದೇ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿನ ಪ್ರಾಣವನ್ನು ತೆಗೆಯಬಹುದು. ಅದನ್ನು ಹೊರಹಾಕಲು ಬೇಕಾದ ಕಿಣ್ವದ ಶಕ್ತಿ ಬೆಕ್ಕಿಗೆ ತೀರ ಕಡಿಮೆ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧವು ಮನುಷ್ಯರಿಗೂ ದನಗಳಿಗೂ ಹಿತವಾಗಿ, ಆ ದನಗಳ ಕಳೇಬರವನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, ಜಟಾಯುವಿನ ಕುಲವನ್ನೇ ನಮ್ಮ ದೇಶದಲ್ಲಿ ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ಭಾರತ ಸರಕಾರವು ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿತು. ಇದಕ್ಕೆ ವಿಪರೀತವಾದ ಉದಾಹರಣೆಗಳೂ ಇವೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ನಿದ್ರೆಯ ಔಷಧವನ್ನು ಗರ್ಭಿಣಿಯರು ಸೇವಿಸಿದ್ದರಿಂದ, 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಕೈಕಾಲುಗಳ ಊನದೊಡನೆ ಹುಟ್ಟಿದವು. ಇಲಿಗಳ ಗರ್ಭಕ್ಕೆ ಅದು ಅಂಥ ಹಾನಿಯನ್ನು ಮಾಡುವುದಿಲ್ಲವೆಂದೂ ಕೆಲವು ಜಾತಿಯ ಮೊಲಗಳಿಗೂ ಕೋತಿಗಳಿಗೂ ಮಾಡುತ್ತದೆಯೆಂದೂ ಅನಂತರ ತಿಳಿಯಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯಸಂಸ್ಥೆಯಲ್ಲಿ ಕಾಮಾಲೆ ಬಿ ರೋಗಕ್ಕೆ ಫಿಯಾಲುರಿಡೀನ್ ಎಂಬ ಔಷಧವನ್ನು 15 ಮಂದಿ ರೋಗಿಗಳಿಗೆ ಕೊಟ್ಟರು. ಇಲಿ, ನಾಯಿ, ಕೋತಿಗಳಲ್ಲಿ ಅದು ಯಕೃತ್ತಿಗೆ ಕೇಡು ಮಾಡಿರಲಿಲ್ಲ. ಆದರೆ ಆ 15 ಮಂದಿಯಲ್ಲಿ 7 ಜನರ ಯಕೃತ್ತು ಕೆಟ್ಟಿತು. 5 ಜನ ಸತ್ತರು. ಉಳಿದಿಬ್ಬರು ಬೇರೆಯವರ ಯಕೃತ್ತನ್ನು ಜೋಡಿಸಿದ್ದರಿಂದ ಬದುಕಿದರು.

ಇದರಿಂದ ಎರಡು ಬಗೆಯ ದುಃಖ ಒಟ್ಟಿಗೆ ಕಾಣುತ್ತದೆ. ಪ್ರಾಣಿಗೆ ನೋವಾಯಿತು, ಆ ನೋವು ಮನುಷ್ಯನನ್ನು ರಕ್ಷಿಸಲೂ ಇಲ್ಲ. ಹಾಗೆಂದು ಪ್ರಾಣಿಗಳಿಂದ ನಮಗೆ ಪ್ರಯೋಜನವಾಗಿಲ್ಲವೆನ್ನುವುದು ಕೃತಘ್ನತೆ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ನಾಯಿಗಳ ಮೇಲೆ ಮಾಡಿದ ಪ್ರಯೋಗಗಳಿಂದ ಇನ್ಸುಲಿನ್ ದೊರೆಯಿತು. 1922ರ ಜನವರಿಯಲ್ಲಿ ಅದನ್ನು ಒಬ್ಬ ಬಾಲಕನಿಗೆ ಮೊದಲಿಗೆ ಕೊಟ್ಟರು. ಅನಂತರ ಆರು ದಶಕಗಳ ಕಾಲ ಲೋಕದ ಮಧುಮೇಹಿಗಳು ಬದುಕಿದ್ದು ದನ ಮತ್ತು ಹಂದಿಗಳ ಗ್ರಂಥಿಗಳಿಂದ ತೆಗೆದ ಇನ್ಸುಲಿನ್ನಿನಿಂದ. ಮಾನವ ಇನ್ಸುಲಿನ್ನನ್ನು ಸೂಕ್ಷ್ಮಾಣುಗಳಲ್ಲಿ ತಯಾರಿಸಿ ಮಾರಾಟಕ್ಕೆ ತಂದದ್ದು 1982ರಲ್ಲಿ. ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿ ತಿಳಿದೋ ತಿಳಿಯದೆಯೋ ಆ ಪ್ರಾಣಿಗಳಿಂದ ಆಯುಸ್ಸನ್ನು ಪಡೆದರು. ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿ, ದಿನವೂ ಭೂತಯಜ್ಞದಲ್ಲಿ ಪ್ರಾಣಿಗಳಿಗೆ ಅನ್ನವನ್ನಿಡಬೇಕೆಂದು ವಿಧಿಸಿದ ಪರಂಪರೆಯಲ್ಲಿ ಹುಟ್ಟಿದವರಿಗೆ ಈ ಋಣದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪ್ರತಿನಿಧಿಯ ವಿಚಾರಕ್ಕೆ ಬರೋಣ. ಮೀಮಾಂಸಾಶಾಸ್ತ್ರದಲ್ಲಿ, ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದಲ್ಲಿ, ಯಜ್ಞಕ್ಕೆ ವಿಹಿತವಾದ ದ್ರವ್ಯವು ದೊರೆಯದಿದ್ದಾಗ ಬೇರೊಂದನ್ನು ಬಳಸಬಹುದೇ ಎಂಬ ದೀರ್ಘವಿಚಾರವಿದೆ. ವ್ರೀಹಿಯಿಲ್ಲದಿದ್ದರೆ ನೀವಾರ, ಅಂದರೆ ಕಾಡುಭತ್ತ, ಸೋಮಲತೆಯಿಲ್ಲದಿದ್ದರೆ ಪೂತೀಕ. ಶಾಸ್ತ್ರದಲ್ಲಿ ಈ ಚಿಪ್ಪಿನ ವಿಚಾರ ಮೊದಲೇ ಇತ್ತೆಂದು ಹೇಳುವ ಸಾಹಸ ನನ್ನದಲ್ಲ. ಅಂಥ ಮಾತುಗಳಿಂದ ಶಾಸ್ತ್ರಕ್ಕೆ ಗೌರವ ಬರುವುದೂ ಇಲ್ಲ. ಆ ಆಚಾರ್ಯರು ವಿಚಾರಿಸಿದ್ದು ಯಜ್ಞವನ್ನು. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುವಾಗ ಬುದ್ಧಿಯು ನಡೆಯಬೇಕಾದ ದಾರಿಯನ್ನು ಅವರು ಬಹಳ ಸೂಕ್ಷ್ಮವಾಗಿ ತೋರಿಸಿದ್ದಾರೆ. ಅಲ್ಲಿಂದ ನಾಲ್ಕು ಅಂಶಗಳನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲನೆಯದು: ಪ್ರತಿನಿಧಿಯು ಮುಖ್ಯವಸ್ತುವಿನ ಅವಯವಗಳಲ್ಲಿ ಸಾಧ್ಯವಾದಷ್ಟು ಹೆಚ್ಚಿನವನ್ನು ಉಳ್ಳದ್ದಾಗಿರಬೇಕು. ನೀವಾರದಲ್ಲಿ ವ್ರೀಹಿಯ ಅಂಶಗಳು ಹೆಚ್ಚಾಗಿವೆಯೆಂದೇ ಅದಕ್ಕೆ ಆ ಸ್ಥಾನ. ಎರಡನೆಯದು: ತೆಗೆದುಕೊಂಡ ಪ್ರತಿನಿಧಿಯೂ ನಷ್ಟವಾದರೆ, ಮುಂದೆ ಹುಡುಕಬೇಕಾದದ್ದು ಮುಖ್ಯವಸ್ತುವಿಗೆ ಸದೃಶವಾದದ್ದನ್ನೇ ಹೊರತು ಹಿಂದಿನ ಪ್ರತಿನಿಧಿಗೆ ಸದೃಶವಾದದ್ದನ್ನಲ್ಲ. ಮೂರನೆಯದು: ನಿಷಿದ್ಧವಾದದ್ದು ಎಷ್ಟೇ ಸದೃಶವಾಗಿದ್ದರೂ ಪ್ರತಿನಿಧಿಯಾಗಲಾರದು. ನಾಲ್ಕನೆಯದು: ದ್ರವ್ಯಕ್ಕೆ ಪ್ರತಿನಿಧಿಯುಂಟು, ಯಜಮಾನನಿಗೆ ಇಲ್ಲ. ಫಲವು ಯಾರಿಗೆ ಸೇರುತ್ತದೆಯೋ ಅವನ ಸ್ಥಾನದಲ್ಲಿ ಇನ್ನೊಬ್ಬನನ್ನು ನಿಲ್ಲಿಸಲಾಗದು. ಈ ನಾಲ್ಕನ್ನೂ ಪ್ರಕೃತ ವಿಷಯಕ್ಕೆ ಹಿಡಿದು ನೋಡೋಣ.

ಸಾದೃಶ್ಯವನ್ನೇ ಮೊದಲು ತೆಗೆದುಕೊಳ್ಳೋಣ. ಇಲಿಯಲ್ಲಿ ಇಡೀ ದೇಹವಿದೆ, ರಕ್ತಸಂಚಾರವಿದೆ, ಮಿದುಳಿದೆ. ಆದರೆ ಅದರ ಕಿಣ್ವಗಳು ಮನುಷ್ಯನವಲ್ಲ. ಗಾಜಿನ ತಟ್ಟೆಯಲ್ಲಿ ಮನುಷ್ಯನ ಯಕೃತ್ತಿನ ಕೋಶಗಳನ್ನು ಹರಡಿ ಬೆಳೆಸಿದರೆ ಕಿಣ್ವಗಳು ಮನುಷ್ಯನವೇ. ಆದರೆ ನೆರೆಕೋಶಗಳ ಸಹವಾಸವೂ ರಕ್ತದ ಹರಿವೂ ಇಲ್ಲದೆ ಆ ಕೋಶಗಳು ಕೆಲವೇ ದಿನಗಳಲ್ಲಿ ತಮ್ಮ ಸ್ವಕರ್ಮವನ್ನು ಮರೆಯುತ್ತವೆ. ಕಿಣ್ವಗಳ ಶಕ್ತಿ ಕುಂದುತ್ತದೆ. ಚಿಪ್ಪಿನ ರಚನೆಯು ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಹುಟ್ಟಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮೈಕಲ್ ಶೂಲರ್ ಅವರು, ಔಷಧವು ಅಂಗದಿಂದ ಅಂಗಕ್ಕೆ ಹೋಗುವ ದಾರಿಯನ್ನು ಸಣ್ಣ ಫಲಕದಲ್ಲಿ ಅನುಕರಿಸುವ ಪ್ರಯತ್ನವನ್ನು ಮೊದಲೇ ಮಾಡಿದ್ದರು. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೀಸ್ ಸಂಸ್ಥೆಯಲ್ಲಿ ಡೊನಾಲ್ಡ್ ಇಂಗ್ಬರ್ ಮತ್ತು ಡಾನ್ ಹೂ ಅವರು ಉಸಿರಾಡುವ ಶ್ವಾಸಕೋಶದ ಚಿಪ್ಪನ್ನು ಪ್ರಕಟಿಸಿದರು. ಮೃದುವಾದ ಸಿಲಿಕೋನ್ ಫಲಕದಲ್ಲಿ ಕೂದಲೆಳೆಯಂಥ ಎರಡು ಕಾಲುವೆಗಳು. ಅವುಗಳ ನಡುವೆ ಸಣ್ಣ ರಂಧ್ರಗಳುಳ್ಳ ಪೊರೆ. ಪೊರೆಯ ಒಂದು ಪಕ್ಕದಲ್ಲಿ ಶ್ವಾಸಕೋಶದ ಕೋಶಗಳು ಮತ್ತು ಗಾಳಿ, ಇನ್ನೊಂದು ಪಕ್ಕದಲ್ಲಿ ರಕ್ತನಾಳದ ಕೋಶಗಳು ಮತ್ತು ಹರಿಯುವ ದ್ರವ. ಎರಡು ಬದಿಗಳಿಂದ ಗಾಳಿಯನ್ನು ಸೆಳೆದು ಬಿಟ್ಟರೆ ಆ ಪೊರೆಯು ನಮ್ಮ ಎದೆಯಂತೆಯೇ ಹಿಗ್ಗಿ ಕುಗ್ಗುತ್ತದೆ. ಗಣಕಯಂತ್ರದ ಚಿಪ್ಪುಗಳನ್ನು ತಯಾರಿಸುವ ವಿಧಾನದಿಂದ ಬಂದುದರಿಂದ ಇದಕ್ಕೂ ಅದೇ ಹೆಸರು.

ಯಕೃತ್ತಿನ ಚಿಪ್ಪಿನಲ್ಲಿ ಮೇಲಿನ ಕಾಲುವೆಯಲ್ಲಿ ಯಕೃತ್ತಿನ ಮುಖ್ಯಕೋಶಗಳೂ ಕೆಳಗಿನದರಲ್ಲಿ ರಕ್ತನಾಳದ ಮತ್ತು ರಕ್ಷಣೆಯ ಕೋಶಗಳೂ ಇರುತ್ತವೆ. ಹರಿಯುವ ದ್ರವದಿಂದ ಆಹಾರವನ್ನು ಪಡೆದು ಅವು ವಾರಗಟ್ಟಲೆ ತಮ್ಮ ಕೆಲಸವನ್ನು ಉಳಿಸಿಕೊಳ್ಳುತ್ತವೆ. ಔಷಧವನ್ನು ಬಿಟ್ಟಾಗ ಅದು ಏನಾಗಿ ಬದಲಾಯಿತು, ಆ ಬದಲಾದದ್ದು ಕೋಶಗಳನ್ನು ಕೊಂದಿತೇ ಎಂಬುದನ್ನು ಹೊರಬರುವ ದ್ರವದಲ್ಲಿಯೇ ಅಳೆಯಬಹುದು. ಹಲವು ಚಿಪ್ಪುಗಳನ್ನು ಒಂದರ ಮುಂದೊಂದು ಜೋಡಿಸಿ ಕರುಳು, ಯಕೃತ್ತು, ಮೂತ್ರಪಿಂಡಗಳ ಮಾರ್ಗವನ್ನೇ ಅನುಕರಿಸಬಹುದು. 2020ರಲ್ಲಿ ವೀಸ್ ಸಂಸ್ಥೆಯವರು ಹೀಗೆ ಜೋಡಿಸಿದ ಚಿಪ್ಪುಗಳಲ್ಲಿ ನಿಕೋಟಿನ್ ಸಂಚರಿಸುವ ರೀತಿಯನ್ನು ಅಳೆದು ಗಣಿತದಿಂದ ಊಹಿಸಿದಾಗ, ಅದು ಮನುಷ್ಯರಲ್ಲಿ ಕಂಡ ಪ್ರಮಾಣಕ್ಕೆ ಹೊಂದಿಕೆಯಾಯಿತು.

ಎರಡನೆಯ ಅಂಶವು ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ‘ಇಲಿಯಲ್ಲಿ ಕಂಡದ್ದು ಈ ಚಿಪ್ಪಿನಲ್ಲಿಯೂ ಕಂಡಿತೇ?’ ಎಂದು ಕೆಲವರು ಕೇಳುತ್ತಾರೆ. ಹಳೆಯ ಅಭ್ಯಾಸದಿಂದ ಬಂದ ಪ್ರಶ್ನೆ ಅದು. ಇಲಿಯೂ ಪ್ರತಿನಿಧಿಯೇ, ಮುಖ್ಯನು ಮನುಷ್ಯ. ಹೊಸ ಪ್ರತಿನಿಧಿಯನ್ನು ಅಳೆಯಬೇಕಾದದ್ದು ಮುಖ್ಯನಿಗೆ ಹೋಲಿಸಿ. 2022ರ ಡಿಸೆಂಬರಿನಲ್ಲಿ ಪ್ರಕಟವಾದ ಒಂದು ಅಧ್ಯಯನವು ಹಾಗೆಯೇ ಮಾಡಿತು. ಮನುಷ್ಯರಲ್ಲಿ ಯಕೃತ್ತಿಗೆ ಕೇಡು ಮಾಡುತ್ತವೆಯೋ ಇಲ್ಲವೋ ಎಂಬುದು ಮೊದಲೇ ತಿಳಿದಿದ್ದ 27 ಔಷಧಗಳನ್ನು 870 ಯಕೃತ್ತಿನ ಚಿಪ್ಪುಗಳಲ್ಲಿ ಪರೀಕ್ಷಿಸಿದರು. ಕೇಡು ಮಾಡುವ ಔಷಧಗಳಲ್ಲಿ ಶೇಕಡಾ 87ರಷ್ಟನ್ನು ಚಿಪ್ಪು ಗುರುತಿಸಿತು. ನಿರಪಾಯವಾದ ಯಾವುದರ ಮೇಲೂ ಸುಳ್ಳು ದೋಷವನ್ನು ಹೊರಿಸಲಿಲ್ಲ. ಆ ಕೇಡಿನ ಔಷಧಗಳಲ್ಲಿ ಪ್ರಾಣಿಪರೀಕ್ಷೆಯನ್ನು ದಾಟಿ ಮನುಷ್ಯರವರೆಗೆ ಬಂದವು ಇದ್ದವು ಎಂಬುದು ಗಮನಾರ್ಹ.

ಆದರೆ ಆ ಅಧ್ಯಯನವನ್ನು ಮುಖ್ಯವಾಗಿ ನಡೆಸಿದವರು ಆ ಚಿಪ್ಪನ್ನು ತಯಾರಿಸುವ ಎಮ್ಯುಲೇಟ್ ಸಂಸ್ಥೆಯವರೇ. ಇದರಿಂದ ಫಲಿತಾಂಶ ಸುಳ್ಳೆಂದಾಗುವುದಿಲ್ಲ. ಇತರರೂ ಮಾಡಿ ನೋಡಬೇಕೆಂದಾಗುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಉಪರಿಚರ ವಸುವಿನ ಕಥೆ ವಾಚಕರಿಗೆ ಗೊತ್ತೇ ಇದೆ. ಯಜ್ಞದಲ್ಲಿ ‘ಅಜ’ವೆಂದರೆ ಆಡೋ ಧಾನ್ಯಬೀಜವೋ ಎಂದು ದೇವತೆಗಳಿಗೂ ಋಷಿಗಳಿಗೂ ವಾದ ನಡೆದಾಗ ಇಬ್ಬರೂ ಒಪ್ಪಿ ವಸುವನ್ನು ಮಧ್ಯಸ್ಥನನ್ನಾಗಿ ಮಾಡಿಕೊಂಡರು. ಅವನು ತನಗೆ ಪ್ರಿಯರಾದವರ ಮತವಾವುದೆಂದು ತಿಳಿದುಕೊಂಡು ಅವರ ಪಕ್ಷವಾಗಿ ನುಡಿದು, ಆಕಾಶಸಂಚಾರವನ್ನು ಕಳೆದುಕೊಂಡು ಭೂಮಿಯೊಳಗೆ ಬಿದ್ದನು. ಅವನ ಪತನಕ್ಕೆ ಅಜ್ಞಾನ ಕಾರಣವಲ್ಲ, ಪಕ್ಷಪಾತ ಕಾರಣ. ಔಷಧವನ್ನು ಮಾರುವವರು, ಚಿಪ್ಪನ್ನು ಮಾರುವವರು, ಪರೀಕ್ಷೆಯ ಪ್ರಾಣಿಗಳನ್ನು ಸಾಕಿ ಮಾರುವವರು ಎಲ್ಲರೂ ಕಕ್ಷಿಗಳೇ. ತೀರ್ಪು ಮಧ್ಯಸ್ಥರದಾಗಬೇಕು.

ಕೊರತೆಗಳೂ ಇಲ್ಲದಿಲ್ಲ. ಚಿಪ್ಪಿನ ಸಿಲಿಕೋನ್ ಪದಾರ್ಥವು ಕೆಲವು ಜಿಡ್ಡಿನ ಗುಣದ ಔಷಧಗಳನ್ನು ತಾನೇ ಹೀರಿಕೊಂಡು ಲೆಕ್ಕವನ್ನು ಕೆಡಿಸುತ್ತದೆ. ಚಿಪ್ಪಿಗೆ ವರ್ಷಗಳ ಆಯುಸ್ಸಿಲ್ಲ, ಗರ್ಭವಿಲ್ಲ, ಮುಪ್ಪಿಲ್ಲ, ಬಹುಕಾಲದ ಸೇವನೆಯಿಂದ ಬರುವ ವಿಕಾರವನ್ನು ಅದು ತೋರಿಸಲಾರದು. ಯಕೃತ್ತಿಗೆ ಕೇಡಿಲ್ಲದ ಔಷಧವು ಮನಸ್ಸನ್ನು ಕದಡುತ್ತದೆಯೇ ಎಂಬುದನ್ನು ಯಕೃತ್ತಿನ ಚಿಪ್ಪು ಹೇಳದು. ಆದುದರಿಂದ ಪ್ರಾಣಿಪರೀಕ್ಷೆ ಇಂದೇ ಪೂರ್ಣವಾಗಿ ನಿಲ್ಲುವ ಸ್ಥಿತಿಯಿಲ್ಲ. ನಿಲ್ಲಿಸಬಹುದಾದ ಕಡೆ ನಿಲ್ಲಿಸದಿರುವುದು ಮಾತ್ರ ಇನ್ನು ಮುಂದೆ ದೋಷವಾಗುತ್ತದೆ.

ಇನ್ನು ಈ ಚಿಪ್ಪು ತಾನಾದರೂ ಪೂರ್ಣವಾಗಿ ನಿರ್ದೋಷವೇ? ಅಹಿಂಸೆಯ ಹೆಸರನ್ನು ಹೇಳುವವರು ಇದನ್ನು ಬಿಡದೆ ಕೇಳಬೇಕು. ಕೋಶಗಳಿಗೆ ಆಹಾರವಾಗಿ ಪ್ರಯೋಗಾಲಯಗಳಲ್ಲಿ ವ್ಯಾಪಕವಾಗಿ ಬಳಸುವ ಒಂದು ದ್ರವವಿದೆ. ಗರ್ಭಿಣಿಯಾದ ಹಸುವನ್ನು ಕಸಾಯಿಖಾನೆಯಲ್ಲಿ ವಧಿಸಿದಾಗ ಅದರ ಹೊಟ್ಟೆಯ ಕರುವಿನ ರಕ್ತದಿಂದ ಅದನ್ನು ತೆಗೆಯುತ್ತಾರೆ. ಕೋಶಗಳು ಅಂಟಿಕೊಂಡು ನಿಲ್ಲಲು ಬಳಸುವ ಪದಾರ್ಥವನ್ನು ಇಲಿಯ ಬಾಲದಿಂದ ತೆಗೆಯುವುದುಂಟು. ಈ ಸಂಗತಿಯನ್ನು ಓದಿ ನಮ್ಮ ಮನಸ್ಸು ಮುದುಡಿಕೊಳ್ಳುವುದು ಸಹಜ. ಆದರೆ ಮುದುಡಿಕೊಂಡು ಸುಮ್ಮನಿರುವುದರಿಂದ ಪ್ರಯೋಜನವಿಲ್ಲ. ಪ್ರಾಣಿಜನ್ಯವಲ್ಲದ ಪೋಷಕದ್ರವಗಳು ಇವೆ. ರಕ್ತನಿಧಿಗಳಲ್ಲಿ ಅವಧಿ ಮೀರಿದ ಮಾನವರಕ್ತದ ಕಣಗಳಿಂದ ಮಾಡಿದ ದ್ರವವೂ ಇದೆ. ‘ಪ್ರಾಣಿರಹಿತ ಪರೀಕ್ಷೆ’ ಎಂಬ ಹೆಸರಿಗೆ ಅರ್ಹವಾಗಬೇಕಾದರೆ ಒಳಗಿನ ದ್ರವವೂ ಹಾಗೆಯೇ ಇರಬೇಕೆಂದು ಕೇಳುವುದು ಮಡಿವಂತಿಕೆಯಲ್ಲ, ತರ್ಕ.

ಮೂರನೆಯ ಅಂಶ ನಿಷೇಧದ್ದು. ಮನುಷ್ಯನಿಗೆ ಅತ್ಯಂತ ಸದೃಶನು ಇನ್ನೊಬ್ಬ ಮನುಷ್ಯನೇ. ಹಾಗಾದರೆ ಸೆರೆಯಾಳನ್ನೋ ಬಡವನನ್ನೋ ತಂದು ಪರೀಕ್ಷಿಸಬಹುದಲ್ಲ? ಕಳೆದ ಶತಮಾನದಲ್ಲಿ ಹಾಗೂ ನಡೆಯಿತು. ಜರ್ಮನಿಯ ಸೆರೆಶಿಬಿರಗಳಲ್ಲಿ ವೈದ್ಯರು ಮಾಡಿದ ಕ್ರೌರ್ಯವನ್ನು ವಿಚಾರಿಸಿದ ನ್ಯಾಯಾಲಯವು 1947ರಲ್ಲಿ ಹಾಕಿಕೊಟ್ಟ ನ್ಯೂರೆಂಬರ್ಗ್ ನಿಯಮಗಳ ಮೊದಲ ಮಾತೇ, ಸ್ವಯಂಪ್ರೇರಿತವಾದ ಒಪ್ಪಿಗೆಯಿಲ್ಲದೆ ಯಾರ ಮೇಲೂ ಪ್ರಯೋಗ ಕೂಡದೆಂಬುದು. ಸಾದೃಶ್ಯವೆಷ್ಟಿದ್ದರೂ ಒಪ್ಪಿಗೆಯಿಲ್ಲದ ಮನುಷ್ಯನು ನಿಷಿದ್ಧ ಪ್ರತಿನಿಧಿ. ಚಿಪ್ಪಿನ ಕೋಶಗಳಿಗೂ ಈ ಮಾತು ಅನ್ವಯಿಸುತ್ತದೆ. 1951ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ತಾಯಿಯೊಬ್ಬಳು ಕ್ಯಾನ್ಸರಿನಿಂದ ಸತ್ತಳು. ಅವಳಿಂದ ತೆಗೆದ ಕೋಶಗಳು ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಎಷ್ಟೋ ಔಷಧಗಳಿಗೆ ಆಧಾರವಾಗಿವೆ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಮಕ್ಕಳಿಗೆ ಇದು ತಿಳಿದದ್ದು ಇಪ್ಪತ್ತು ವರ್ಷಗಳಿಗಿಂತಲೂ ಅನಂತರ. ಕೇಳಿ ತೆಗೆದುಕೊಂಡರೆ ಅದು ದಾನ. ಕೇಳದೆ ತೆಗೆದುಕೊಂಡರೆ, ಎಷ್ಟೇ ಲೋಕೋಪಕಾರವಾದರೂ, ಅದಕ್ಕೆ ಬೇರೆ ಹೆಸರಿದೆ. ಇಂದು ಯಕೃತ್ತಿನ ಚಿಪ್ಪಿಗೆ ಬೇಕಾದ ಕೋಶಗಳಲ್ಲಿ ಅನೇಕವು ಬರುವುದು ಮರಣಾನಂತರ ದಾನವಾಗಿ ಬಂದು ಕಸಿಗೆ ಒದಗದೆ ಉಳಿದ ಅಂಗಗಳಿಂದ. ಜಪಾನಿನ ಶಿನ್ಯಾ ಯಮನಾಕ ಅವರು 2006 ಮತ್ತು 2007ರಲ್ಲಿ ತೋರಿಸಿದ ವಿಧಾನದಿಂದ, ಚರ್ಮದ ಅಥವಾ ರಕ್ತದ ಕೋಶವನ್ನೇ ಮೂಲಸ್ಥಿತಿಗೆ ಮರಳಿಸಿ ಬೇಕಾದ ಅಂಗದ ಕೋಶವಾಗಿ ಬೆಳೆಸುವುದೂ ಸಾಧ್ಯವಾಗಿದೆ.

‘ಚಿಪ್ಪಿನ ಅಂಗಾಂಶಕ್ಕೆ ನೋವಿಲ್ಲವೇ? ಅದೂ ಜೀವಂತವಲ್ಲವೇ?’ ಎಂಬ ಆಕ್ಷೇಪವೂ ಬರಬಹುದು. ಸಮಾಧಾನವೇನೆಂದರೆ, ನೋವೆಂಬುದು ಅನುಭವಿಸುವವನಿಗೆ ಸೇರಿದ್ದು. ಸುಖದುಃಖಗಳು ಸಾಕ್ಷಿವೇದ್ಯವೆಂದು ನಮ್ಮ ಶಾಸ್ತ್ರದ ಅಭಿಪ್ರಾಯ. ನರಗಳೂ ಮಿದುಳೂ ಇಲ್ಲದ, ಒಂದು ಪೊರೆಯ ಮೇಲೆ ಹರಡಿದ ಯಕೃತ್ತಿನ ಕೋಶಗಳಲ್ಲಿ ನೋವನ್ನು ಒಯ್ಯುವ ದಾರಿಯೇ ಇಲ್ಲ. ನಾವು ಕತ್ತರಿಸಿ ಹಾಕುವ ಕೂದಲಿಗೂ ಕಾಲು ಮುರಿದ ನಾಯಿಗೂ ಇರುವ ಅಂತರವನ್ನು ಮಗುವೂ ಬಲ್ಲದು. ಮಿದುಳಿನ ಕೋಶಗಳನ್ನು ಗುಂಪಾಗಿ ಬೆಳೆಸುವ ಪ್ರಯೋಗಗಳೂ ಈಗ ನಡೆಯುತ್ತಿರುವುದರಿಂದ ಅಲ್ಲಿ ಹೆಚ್ಚಿನ ಎಚ್ಚರ ಬೇಕು. ಯಕೃತ್ತಿಗೆ ಕೊಟ್ಟ ಉತ್ತರವನ್ನು ಅಲ್ಲಿಗೂ ಕೊಟ್ಟು ಸುಮ್ಮನಾಗುವಂತಿಲ್ಲ.

ನಾಲ್ಕನೆಯ ಅಂಶವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಫಲವನ್ನು ಪಡೆಯುವ ಯಜಮಾನನಿಗೆ ಪ್ರತಿನಿಧಿಯಿಲ್ಲ. ಇಲಿಯಲ್ಲಿ, ಚಿಪ್ಪಿನಲ್ಲಿ, ಗಣಕಯಂತ್ರದಲ್ಲಿ ಎಷ್ಟು ಪರೀಕ್ಷಿಸಿದರೂ ಕಟ್ಟಕಡೆಗೆ ಒಬ್ಬ ಮನುಷ್ಯನು ಮೊದಲಿಗನಾಗಿ ಆ ಔಷಧವನ್ನು ನುಂಗಬೇಕು. 2006ರಲ್ಲಿ ಲಂಡನ್ನಿನಲ್ಲಿ ಟಿ.ಜಿ.ಎನ್. 1412 ಎಂಬ ಔಷಧವನ್ನು ಮೊದಲಿಗೆ ಪಡೆದ 6 ಮಂದಿ ಆರೋಗ್ಯವಂತ ಯುವಕರು, ಕೋತಿಗಳಿಗೆ ನಿರಪಾಯವಾಗಿದ್ದ ಪ್ರಮಾಣದ 500ರಲ್ಲಿ ಒಂದಂಶವನ್ನು ಮಾತ್ರ ಪಡೆದರೂ, ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯಕ್ಕೆ ಒಳಗಾದರು. ಅಪಾಯವನ್ನು ಪ್ರತಿನಿಧಿಗಳು ಕಡಿಮೆ ಮಾಡಬಲ್ಲರು, ಪೂರ್ತಿ ಹೊತ್ತುಕೊಳ್ಳಲಾರರು. ಚಿಪ್ಪಿನಿಂದಾಗಿ ಇನ್ನು ಯಾರಿಗೂ ಯಾವ ಜವಾಬ್ದಾರಿಯೂ ಇಲ್ಲವೆಂದು ತಿಳಿಯುವುದು ತಪ್ಪು. ಬೇರೆ ಪ್ರಾಣಿಯ ಮೇಲೆ ಹೊರಿಸಿದ್ದ ಭಾರವನ್ನು ಮನುಷ್ಯನು ತನ್ನದೇ ಕೋಶಗಳಿಗೆ, ತನ್ನದೇ ಒಪ್ಪಿಗೆಗೆ, ತನ್ನದೇ ಲೆಕ್ಕಕ್ಕೆ ಮರಳಿ ತೆಗೆದುಕೊಳ್ಳುತ್ತಿದ್ದಾನೆ ಎಂಬುದೇ ಈ ಸಾಧನದ ನಿಜವಾದ ಅರ್ಥ.

ಇಲ್ಲಿ ಪಿಷ್ಟಪಶುವಿನ ನೆನಪು ನಮ್ಮವರಿಗೆ ಸಹಜವಾಗಿ ಬರುತ್ತದೆ. ಯಜ್ಞದಲ್ಲಿ ಹಿಟ್ಟಿನ ಪಶುವನ್ನೇ ಬಳಸುವ ಕ್ರಮ ಶ್ರೀಮದಾಚಾರ್ಯರ ಪರಂಪರೆಯಲ್ಲಿ ಬಂದದ್ದು. ಅದನ್ನು ವಿರೋಧಿಸಿದವರ ಮುಖ್ಯವಾದ ಆಕ್ಷೇಪ, ಪದ್ಧತಿ ಕೆಡುತ್ತದೆ, ಕರ್ಮ ಫಲಿಸದು ಎಂಬುದೇ. ಇಂದು ಔಷಧಪರೀಕ್ಷೆಯಲ್ಲಿಯೂ ಪದ್ಧತಿಯನ್ನು ನೆಪ ಮಾಡಿ ನಿಲ್ಲುವವರಿದ್ದಾರೆ. ಆದರೆ ಎರಡಕ್ಕೂ ಒಂದು ಭೇದವನ್ನು ಮರೆಯಬಾರದು: ಯಜ್ಞದಲ್ಲಿ ಪ್ರಮಾಣವು ಶಾಸ್ತ್ರ, ಔಷಧದಲ್ಲಿ ಪ್ರಮಾಣವು ಪ್ರತ್ಯಕ್ಷ ಮತ್ತು ಅದನ್ನು ಆಶ್ರಯಿಸಿದ ಅನುಮಾನ. ಚಿಪ್ಪು ಅಹಿಂಸೆಗೆ ಅನುಕೂಲವೆಂಬ ಕಾರಣದಿಂದಲೇ ಅದು ಸತ್ಯವನ್ನು ಹೇಳುತ್ತದೆಂದು ನಂಬಬಾರದು. ಸುಳ್ಳು ಹೇಳುವ ಚಿಪ್ಪಿನಿಂದ ಸಾಯುವವರು ಮನುಷ್ಯರು. ಸತ್ಯವನ್ನು ಬಿಟ್ಟ ಅಹಿಂಸೆ ಹಿಂಸೆಯಾಗಿಯೇ ಮುಗಿಯುತ್ತದೆ.

ಶಾಸನಗಳು ನಿಧಾನವಾಗಿ ಈ ದಾರಿಗೆ ಬರುತ್ತಿವೆ. 1959ರಲ್ಲಿಯೇ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು, ಪ್ರಾಣಿಯ ಬದಲಿಗೆ ಬೇರೊಂದನ್ನು ಬಳಸುವುದು, ಸಂಖ್ಯೆಯನ್ನು ಇಳಿಸುವುದು, ನೋವನ್ನು ತಗ್ಗಿಸುವುದು ಎಂಬ ಮೂರು ಕರ್ತವ್ಯಗಳನ್ನು ಹೇಳಿದ್ದರು. ಅಮೆರಿಕವು 2022ರ ಡಿಸೆಂಬರಿನಲ್ಲಿ, 1938ರಿಂದ ನಡೆದು ಬಂದಿದ್ದ ಪ್ರಾಣಿಪರೀಕ್ಷೆಯ ಕಡ್ಡಾಯವನ್ನು ಕಾಯಿದೆಯಿಂದ ತೆಗೆದುಹಾಕಿತು. ನಿಷೇಧಿಸಲಿಲ್ಲ, ಬೇರೆ ದಾರಿಗೂ ಬಾಗಿಲು ತೆರೆಯಿತು. ಭಾರತವೂ 2023ರಲ್ಲಿ ತನ್ನ ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಚಿಪ್ ಮೊದಲಾದ ಪ್ರಾಣಿರಹಿತ ವಿಧಾನಗಳಿಗೆ ಮನ್ನಣೆ ಕೊಟ್ಟಿತು. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲಿಯೇ ನಿಷೇಧಿಸಿದೆ.

ಹಾಗಾದರೆ ಗೃಹಸ್ಥರಾದ ನಾವು ಮಾಡಬೇಕಾದದ್ದೇನು? ವೈದ್ಯರು ಕೊಟ್ಟ ಔಷಧವನ್ನು ಈ ಕಾರಣದಿಂದ ಬಿಡಬೇಕಾಗಿಲ್ಲ. ಬಿಟ್ಟರೆ ಸತ್ತ ಪ್ರಾಣಿ ಮರಳಿ ಬರುವುದಿಲ್ಲ, ರೋಗಿಯೂ ಉಳಿಯುವುದಿಲ್ಲ. ಆದರೆ ಔಷಧವನ್ನು ಅನ್ನದಂತೆ ಕಾಣಬೇಕು. ಬೇಡದ ಗುಳಿಗೆಗಳನ್ನು ಕೊಂಡು, ಅರ್ಧ ನುಂಗಿ, ಅರ್ಧ ಚೆಲ್ಲುವುದು ಬೇಡ. ಗುಳಿಗೆಯೊಂದರ ಹಿಂದೆ ಎಷ್ಟು ಜೀವಿಗಳ ಋಣವಿದೆಯೆಂದು ತಿಳಿದವನು ಅದನ್ನು ಚೆಲ್ಲಲಾರನು. ಮನೆಯ ಮಕ್ಕಳಲ್ಲಿ ಜೀವವಿಜ್ಞಾನವನ್ನೂ ಔಷಧಶಾಸ್ತ್ರವನ್ನೂ ಓದುತ್ತಿರುವವರು ಇಂದು ಬಹಳ ಮಂದಿ ಇದ್ದಾರೆ. ಪ್ರಾಣಿಯನ್ನು ಬಿಟ್ಟು ಬೇರೆ ದಾರಿಯಿದೆಯೇ ಎಂದು ಅವರು ತಮ್ಮ ಪ್ರಯೋಗಾಲಯದಲ್ಲಿ ಕೇಳಲಿ. ಆ ಪ್ರಶ್ನೆಯನ್ನು ಕೇಳಲು ಧೈರ್ಯವಾಗುವಂಥ ಮಾತನ್ನು ನಾವು ಮನೆಯಲ್ಲಿ ಆಡೋಣ. ಮರಣಾನಂತರದ ಅಂಗದಾನದ ವಿಷಯವನ್ನೂ ಸಂಕೋಚ ಬಿಟ್ಟು ಕುಟುಂಬದ ಹಿರಿಯರೊಡನೆ ವಿಚಾರ ಮಾಡೋಣ. ಬೇರೆಯವರ ದಾನದಿಂದ ಬಂದ ಕೋಶದಲ್ಲಿ ಪರೀಕ್ಷಿಸಿದ ಔಷಧವನ್ನು ಸೇವಿಸಲು ಸಿದ್ಧರಾಗಿರುವವರು, ದಾನವೆಂಬ ಮಾತು ಬಂದಾಗ ಮಾತ್ರ ಕಿವಿ ಮುಚ್ಚಿಕೊಳ್ಳುವುದು ನ್ಯಾಯವಲ್ಲ.

ವೈಶ್ವದೇವವಾದ ಮೇಲೆ ಹೊರಗೆ ಬಂದು ನಾಯಿಗೂ ಕಾಗೆಗೂ ಕ್ರಿಮಿಕೀಟಗಳಿಗೂ ಬಲಿಯನ್ನಿಡುವ ಸಂಪ್ರದಾಯ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಆ ಅನ್ನದ ತುತ್ತನ್ನು ಇಡುವಾಗ, ಹೆಸರಿಲ್ಲದೆ ಪಂಜರದಲ್ಲಿ ಸತ್ತು ನಮಗೆ ಆರೋಗ್ಯವನ್ನು ಕೊಟ್ಟ ಪ್ರಾಣಿಗಳನ್ನೂ ನೆನೆಯುವುದು ಉಚಿತ. ಸರ್ವಪ್ರಾಣಿಗಳ ಹೃದಯದಲ್ಲಿ ಅಂತರ್ಯಾಮಿಯಾಗಿರುವ ಶ್ರೀಹರಿಯು ನಮ್ಮ ವಿಜ್ಞಾನಿಗಳಿಗೆ ಸತ್ಯವನ್ನು ಕಾಣುವ ಬುದ್ಧಿಯನ್ನೂ ನಮಗೆ ಋಣವನ್ನು ಮರೆಯದ ಮನಸ್ಸನ್ನೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.